ಕನ್ನಡಕದ ಅಂಗಡಿಯಲ್ಲಿ ಸಿಕ್ಕ ಮುಖ

ನನ್ನ ಕಾದಂಬರಿಯ ಮೊದಲ ಆರು ಅಧ್ಯಾಯಗಳನ್ನು ಕೇಳಿದವಳು ಕುಣಿಗಲ್‌ನಲ್ಲಿರುವ ನನ್ನ ಅಕ್ಕ ಒಬ್ಬಳೇ. ನಾನು ತುಮಕೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಬರೆದಷ್ಟನ್ನು ಫೋನಿನಲ್ಲಿ ಅವಳಿಗೆ ಓದುತ್ತಿದ್ದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಬಸ್ ಸ್ಟ್ಯಾಂಡಿನ ಪಕ್ಕ ಇಡ್ಲಿ ಹೋಟೆಲು ನಡೆಸಿ ಮೂರು ಮಕ್ಕಳನ್ನು ಸಾಕುವ ಹೆಂಗಸಿನ ಕಥೆ ಅದು. ಆರನೆಯ ಅಧ್ಯಾಯ ಮುಗಿದಾಗ ಅಕ್ಕ ಹೇಳಿಯೇಬಿಟ್ಟಳು.

"ಎಲ್ಲಾ ಚೆನ್ನಾಗೈತೆ ಕಣೇ. ಆದ್ರೆ ಅವಳು ನೋಡಕ್ಕೆ ಹೆಂಗಿದಾಳೆ ಅಂತ್ಲೇ ಗೊತ್ತಾಗ್ತಿಲ್ಲ. ದುಂಡು ಮುಖ, ದೊಡ್ಡ ಕಣ್ಣು ಅಂತೀಯ. ನಮ್ಮ ಬೀದೀಲೇ ಹತ್ತು ಜನ ಹಂಗಿದಾರೆ."

ಅವಳ ಮಾತು ನಿಜವಾಗಿತ್ತು. ಆ ಹೆಂಗಸಿನ ಹೋಟೆಲಿನ ಒಲೆ, ಬೆಂಚು, ಮಸಿ ಹಿಡಿದ ಗೋಡೆ ಎಲ್ಲ ನನಗೆ ಕಾಣುತ್ತಿದ್ದವು; ಅವಳ ಮುಖ ಮಾತ್ರ ಕಾಣುತ್ತಿರಲಿಲ್ಲ. ಹೀಗಾಗಿ ಮೊಬೈಲಿನಲ್ಲಿ ಹುಡುಕತೊಡಗಿದೆ. ಸಿಕ್ಕ ಮುಖಗಳನ್ನೆಲ್ಲ ಸೇರಿಸಿಟ್ಟುಕೊಂಡೆ. ಒಂದು ದಿನ ಫೋನು ತೆಗೆದುಕೊಂಡ ನನ್ನ ಯಜಮಾನರು, ಇವರೆಲ್ಲ ಯಾರ ಕಡೆಯ ನೆಂಟರು ಎಂದು ಕೇಳಿದರು. ಅಷ್ಟು ಚಿತ್ರಗಳಲ್ಲಿ ಒಬ್ಬಳಾದರೂ ಒಂದು ದಿನ ಬಿಸಿ ಪಾತ್ರೆ ಇಳಿಸಿದವಳಂತೆ ಕಾಣಲಿಲ್ಲ. ಎಲ್ಲವನ್ನೂ ಅಳಿಸಿಹಾಕಿದೆ.

ಆಮೇಲೆ ಬಸ್ಸುಗಳಲ್ಲಿ ಜನರ ಮುಖ ನೋಡುವ ಅಭ್ಯಾಸ ಹತ್ತಿತು. ಗುಬ್ಬಿಗೆ ಹೋಗುವಾಗ ಎದುರು ಕೂತಿದ್ದ ಹೆಂಗಸೊಬ್ಬರು, ನನ್ನ ಗುರುತಿದೆಯೇ ಎಂದು ನೇರವಾಗಿ ಕೇಳಿಬಿಟ್ಟರು. ನಾಚಿಕೆಯಾಗಿ, ನಮ್ಮ ದೊಡ್ಡಮ್ಮನ ಹಾಗೆ ಇದ್ದೀರಿ ಎಂದು ಸುಳ್ಳು ಹೇಳಿದೆ. ಅವರು ದೊಡ್ಡಮ್ಮನ ಊರು, ಮನೆತನ ಎಲ್ಲ ವಿಚಾರಿಸಿದರು. ಗುಬ್ಬಿ ಬರುವಷ್ಟರಲ್ಲಿ ಇಬ್ಬರಿಗೂ ಒಂದು ದೂರದ ಸಂಬಂಧವೇ ಕುದುರಿತ್ತು.

ಅದೇ ವಾರ ನನ್ನ ಕನ್ನಡಕದ ಕಡ್ಡಿ ಮುರಿಯಿತು. ತುಮಕೂರಿನ ಪೇಟೆಯ ಬೀದಿಯಲ್ಲಿ ಒಂದು ಹಳೆಯ ಕನ್ನಡಕದ ಅಂಗಡಿಯಿದೆ. ಅದನ್ನು ನಡೆಸುವವರು ಎಪ್ಪತ್ತು ದಾಟಿದ ಸಾಹೇಬರು. ಕಡ್ಡಿ ಬದಲಾಯಿಸಿ ನನ್ನ ಮೂಗಿನ ಮೇಲಿಟ್ಟು, ತೆಗೆದು ಒಂದು ಬದಿಯನ್ನು ಚೂರು ಬಗ್ಗಿಸಿದರು. ಸೊಟ್ಟ ಆಯಿತಲ್ಲ ಎಂದೆ.

"ಕನ್ನಡಕ ಸೊಟ್ಟ ಮಾಡಿದ್ರೇನೇ ಮೇಡಂ, ಮುಖಕ್ಕೆ ನೆಟ್ಟಗೆ ಕೂರೋದು. ಎರಡು ಕಿವೀನೂ ಒಂದೇ ಎತ್ತರ ಇರೋರನ್ನ ನಾನಂತೂ ನೋಡಿಲ್ಲ."

ಐವತ್ತು ವರ್ಷ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡಿದ್ದೇನೆ; ನನ್ನ ಬಲಗಿವಿ ಒಂದಿಷ್ಟು ಕೆಳಗಿದೆ ಎಂದು ಅವತ್ತು ತಿಳಿಯಿತು. ಕಥೆ ಬರೆಯುವ ವಿಷಯ ಅವರಿಗೆ ಹೇಳಿದೆ. ಪ್ರತಿ ಶನಿವಾರ ಮಧ್ಯಾಹ್ನ ಬಂದು ಕೂತು ಗಿರಾಕಿಗಳ ಮುಖ ನೋಡಲು ಒಪ್ಪಿಗೆ ಕೇಳಿದೆ. ಅವರು ಒಂದು ಸ್ಟೂಲು ತೋರಿಸಿ, ಯಾರ ಫೋಟೋನೂ ತೆಗೆಯಬಾರದು ಎಂದಷ್ಟೇ ಹೇಳಿದರು.

ಮೂರನೆಯ ಶನಿವಾರ ಗುಬ್ಬಿ ತಾಲ್ಲೂಕಿನ ಕಡಬದ ಕಡೆಯ ಅತ್ತೆ ಸೊಸೆ ಬಂದರು. ಅತ್ತೆಗೆ ಪೊರೆ ತೆಗೆಸಿ ಒಂದು ತಿಂಗಳಾಗಿತ್ತು. ಹೊಸ ಕನ್ನಡಕ ಹಾಕಿಸಿಕೊಳ್ಳಲು ಬಂದಿದ್ದರು. ಅಗಲವಾದ ದವಡೆ, ಸಣ್ಣ ಗಲ್ಲ, ಎಡ ಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಗಾಯದ ಗುರುತು. ಸಾಹೇಬರು ಕನ್ನಡಕ ಕೂರಿಸಿ ಕನ್ನಡಿ ಹಿಡಿದರು. ಆಕೆ ಕನ್ನಡಿ ನೋಡಲಿಲ್ಲ. ಮೊದಲು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ತಿರುಗಿ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದರು.

"ಏನೇ, ಇಷ್ಟೊಂದು ಬಡವಾಗಿದೀಯ? ನಂಗೆ ಯಾಕೆ ಹೇಳ್ನಿಲ್ಲ?"

ಸೊಸೆ ನಕ್ಕು ಏನೋ ಹೇಳಲು ಹೋಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹೇಬರು ಅಗತ್ಯವಿಲ್ಲದಿದ್ದರೂ ಡ್ರಾಯರಿನಲ್ಲಿ ಏನನ್ನೋ ಹುಡುಕಿದರು.

ಮನೆಗೆ ಬಂದು ಒಂದೇ ಪಟ್ಟಿಗೆ ಕೂತು ಬರೆದೆ. ನನ್ನ ಹೋಟೆಲಿನ ಹೆಂಗಸಿಗೆ ಆ ದವಡೆ ಬಂತು, ಆ ಸೀಳಿದ ಹುಬ್ಬು ಬಂತು. ಗಾಯಕ್ಕೆ ಕಾರಣವೂ ತಾನಾಗಿ ಹೊಳೆಯಿತು: ಕುಡುಕ ಗಂಡ ಚೊಂಬು ಎಸೆದದ್ದು. ಅದರ ಮೇಲೆ ಎರಡು ಅಧ್ಯಾಯ ಬೆಳೆಯಿತು. ಬಹಳ ಚೆನ್ನಾಗಿ ಬಂದಿದೆ ಎಂದು ನನಗೇ ಅನ್ನಿಸಿತ್ತು. ಆದರೆ ಕೇಳದೆ ಒಬ್ಬರ ಮುಖ ಎತ್ತಿಕೊಂಡು ಬಂದದ್ದು ಒಳಗೆ ಚುಚ್ಚುತ್ತಲೂ ಇತ್ತು.

ಎರಡು ವಾರದ ನಂತರ ಆ ಅತ್ತೆ ಒಬ್ಬರೇ ಬಂದರು. ಕಡ್ಡಿ ಕಿವಿಯ ಹಿಂದೆ ಒತ್ತುತ್ತಿತ್ತಂತೆ. ಸಾಹೇಬರು ಅದನ್ನು ಸರಿಪಡಿಸುತ್ತಿರುವಾಗ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಕಥೆಯೊಳಗೆ ತಮ್ಮ ಮುಖವಿದೆ ಎಂದಾಗ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಗಾಯದ ಪ್ರಸಂಗ ಬಂದಾಗ ನಗು ನಿಂತಿತು.

"ನನ್ನ ಮುಖ ಬೇಕಾದ್ರೆ ಬರ್ಕೊಳವ್ವ. ಇದು ಕರು ಹಾಕಿದ್ ಎಮ್ಮೆ ಹಾಯ್ದಿದ್ದು. ಅವ್ರ ಮ್ಯಾಲೆ ಹಾಕ್ಬ್ಯಾಡ. ಇದ್ದಷ್ಟು ದಿನ ನನ್ನ ಮ್ಯಾಲೆ ಒಂದಿನ ಕೈ ಎತ್ನಿಲ್ಲ."

ಅದು ಕಥೆಯ ಗಂಡ, ನಿಮ್ಮವರಲ್ಲ ಎಂದು ಸಮಾಧಾನ ಹೇಳಬಹುದಿತ್ತು. ಅದರ ಬದಲು, ತಪ್ಪಾಯ್ತಮ್ಮ ಎಂದೆ. ಆಕೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಎಮ್ಮೆ ಹಾಯ್ದ ದಿನ ಗಂಡ ಹೆಗಲ ಮೇಲಿನ ಟವಲನ್ನೇ ಹಣೆಗೆ ಸುತ್ತಿ, ಸೈಕಲ್ಲಿನಲ್ಲಿ ಕೂರಿಸಿಕೊಂಡು ಗುಬ್ಬಿ ಆಸ್ಪತ್ರೆಗೆ ತುಳಿದದ್ದನ್ನು ಹೇಳಿದರು. ದಾರಿಯುದ್ದಕ್ಕೂ ತಾವು ಸುಮ್ಮನಿದ್ದರೆ, ಅತ್ತದ್ದು ಅವರಂತೆ. ಹೊಲಿಗೆ ಹಾಕುವುದನ್ನು ನೋಡಲಾರದೆ ಹೊರಗೆ ನಿಂತು ಎಮ್ಮೆಯನ್ನು ಬೈಯುತ್ತಿದ್ದರಂತೆ.

ಅವರು ನೋಡಲು ಹೇಗಿದ್ದರು ಎಂದು ಕೇಳಿದೆ. ಆಕೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಯೋಚಿಸಿದರು. ಸಣ್ಣ ಆಳು, ಮುಂದಿನ ಒಂದು ಹಲ್ಲು ಇರಲಿಲ್ಲ, ಅದಕ್ಕೇ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ನೋಡಿ ನೋಡಿ ತಮಗೂ ಅದೇ ಬಂತು ಎಂದರು.

ಆ ಎರಡು ಅಧ್ಯಾಯಗಳನ್ನು ಹರಿದುಹಾಕಿದೆ. ಕುಡುಕ ಗಂಡ ಕಾದಂಬರಿಯಿಂದಲೇ ಹೋದ. ಅವನ ಜಾಗಕ್ಕೆ ಬಂದ ಸಣ್ಣ ಆಳು ನನಗೆ ಎಷ್ಟು ಹಿಡಿಸಿಬಿಟ್ಟನೆಂದರೆ, ಬಂದ ಅಧ್ಯಾಯದಲ್ಲೇ ಸಾಯಬೇಕಾಗಿದ್ದವನು ಇನ್ನೂ ಹೋಟೆಲಿನ ಹಿಂದೆ ಕೂತು ಚಟ್ನಿಗೆ ಕಾಯಿ ತುರಿಯುತ್ತಿದ್ದಾನೆ.