ಎರ್ವಿನ್ ಒಬ್ಬನೇ ಬಂದ ಅರವತ್ತು ಮೈಲಿ

ಎರ್ವಿನ್ ಸ್ಟೋಲ್ಟ್ಸ್ ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಮೂವತ್ತೆಂಟು ವರ್ಷ ಒಹಾಯೊದ ಒಂದು ಗೋದಾಮಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಬೇರೆಯವರ ಲಾರಿಗಳಿಗೆ ದಾರಿ ಬಿಟ್ಟ ಮನುಷ್ಯ. ನಿವೃತ್ತನಾದ ವಾರಕ್ಕೇ ಮನೆ ಮಾರಿ, ಒಳಗೇ ಹಾಸಿಗೆ, ಒಲೆ ಎಲ್ಲ ಇರುವ ಮನೆಗಾಡಿ ಕೊಂಡ. ಹೆಂಡತಿ ಲುಯೆಲಾಳನ್ನು ಒಂದು ಮಾತು ಕೇಳಿದನೋ ಇಲ್ಲವೋ, ನನಗಂತೂ ಅನುಮಾನ.

ಅರಿಝೋನಾದ ಈ ಹೆದ್ದಾರಿ ಪಕ್ಕದ ಪಾರ್ಕಿನಲ್ಲಿ ಮನೆಗಾಡಿಗಳಿಗೆ ಜಾಗ ತೋರಿಸಿ, ನೀರು, ಕರೆಂಟು ಜೋಡಿಸಿಕೊಡುವುದು ನನ್ನ ಕೆಲಸ. ಆರು ಚಳಿಗಾಲದಿಂದ ಇಬ್ಬರನ್ನೂ ಕಂಡಿದ್ದೇನೆ. ಎರಡು ದಿನದ ಮೇಲೆ ನಿಂತದ್ದೇ ಇಲ್ಲ. ಪೈಪು ಸಿಕ್ಕಿಸುವ ಮೊದಲೇ ಅವನು, "ಮಾರ್ಲಾ, ಮುಂದೆ ಕೆಂಪು ಬಂಡೆ ಹತ್ರ ನೆರಳಿರೋ ಪಾರ್ಕ್ ಇದೆಯಂತಲ್ಲ?" ಎಂದು ಶುರು ಮಾಡುತ್ತಾನೆ.

"ಮೊದ್ಲು ಇಲ್ಲಿ ಕುಂಡಿ ಊರೋ ಮಾರಾಯ!" ಎನ್ನುತ್ತೇನೆ.

ಲುಯೆಲಾಳಿಗೆ ಬೇಕಾದ್ದು ಇಷ್ಟೇ: ಒಂದು ಚಳಿಗಾಲ, ಒಂದೇ ಜಾಗ. "ಪಕ್ಕದ ಗಾಡಿಯವರ ಹೆಸ್ರು ನೆನಪಾಗೋಷ್ಟ್ರಲ್ಲಿ ಇವನು ಗಾಡಿ ಸ್ಟಾರ್ಟ್ ಮಾಡಿರ್ತಾನೆ ಕಣೇ," ಎಂದು ಒಮ್ಮೆ ನನ್ನೆದುರು ಕಣ್ಣೊರೆಸಿಕೊಂಡಿದ್ದಳು.

ಹೋದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಅವರ ಗಾಡಿ ಬಂತು. ಇಳಿದವನೇ ಎರ್ವಿನ್ ಹಿಂದಿನ ಬಾಗಿಲು ತೆಗೆದು, "ಲೂ, ಏಳು, ಬಂದ್ವಿ," ಎಂದ. ಹಾಸಿಗೆ ಮೇಲೆ ರಗ್ಗು ಮುದ್ದೆಯಾಗಿ ಬಿದ್ದಿತ್ತು, ಪಕ್ಕದಲ್ಲಿ ಅವಳ ಫೋನು. ಅವಳಿಲ್ಲ.

ನಾನೂ ಒಳಗೆ ಇಣುಕಿದೆ. "ಕೊನೇಗೆ ಎಲ್ಲಿ ನಿಲ್ಸಿದ್ದೆ?"

"ಕಣಿವೆ ನೋಡೋ ಜಾಗದಲ್ಲಿ. ತಲೆನೋವು ಅಂತ ಹಿಂದೆ ಮಲಗಿದ್ಲು. ನಾನು ಫೋಟೋ ತೆಗೀತಿದ್ದೆ, ಅವಳು ಇಳಿದಿದ್ದು ನೋಡ್ಲೇ ಇಲ್ಲ. ದಾರಿಯುದ್ದಕ್ಕೂ ಅವಳ ಜೊತೆ ಮಾತಾಡ್ಕೊಂಡೇ ಬಂದೆ ಮಾರ್ಲಾ!"

"ಅರವತ್ತು ಮೈಲಿ! ಒಂದು ಮಾತಿಗಾದ್ರೂ ಅವಳು ಉತ್ತರ ಕೊಟ್ಲಾ?"

ಆ ಕಣಿವೆ ಜಾಗದಲ್ಲಿ ಕುಡಿಯಲು ನೀರಿಲ್ಲ, ನೆರಳಿಲ್ಲ, ಇರುವುದೊಂದು ಕಕ್ಕಸು, ಅದಕ್ಕೆಂದೇ ಇಳಿದಿರಬೇಕು. ನಾನು ಪೊಲೀಸರಿಗೆ ಫೋನು ಹಚ್ಚಿದೆ, ಅವನು ಗಾಡಿ ತಿರುಗಿಸಲು ಓಡಿದ. ಅಷ್ಟರಲ್ಲಿ ದೋಣಿ ಎಳೆದುಕೊಂಡು ಯಾರೋ ದಾರಿಹೋಕರ ಪಿಕಪ್ ಗೇಟಿಗೆ ಬಂತು. ಲುಯೆಲಾ ಇಳಿದಳು, ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಎರ್ವಿನ್ ಅಳುತ್ತಲೇ ತಬ್ಬಿಕೊಳ್ಳಲು ಹೋದ. ಅವಳು ಕೈ ಅಡ್ಡ ಹಿಡಿದಳು.

"ಗಾಡಿ ಹಿಂದೆ ಕೂಗ್ಕೊಂಡು ಓಡ್ದೆ, ಎರ್ವಿನ್. ಈ ವಯಸ್ಸಲ್ಲಿ."

"ತಪ್ಪಾಯ್ತು ಲೂ. ಗಾಡಿ ಹತ್ತು, ಒಳಗೆ ತಂಪಾಗಿದೆ."

"ನಾನಿಲ್ದೇನೂ ನಿನ್ನ ಪ್ರಯಾಣ ಸುಸೂತ್ರವಾಗೇ ಆಯ್ತಲ್ಲ? ಹೋಗು, ಮುಂದಿನದ್ದೂ ನೋಡ್ಕೊಂಡು ಬಾ. ಈ ಚಳಿಗಾಲ ನಾನು ಇಲ್ಲೇ. ಮಾರ್ಲಾ, ನಿಮ್ಮನೇಲಿ ಮಂಚ ಇದೆಯೇನೇ?"

"ಯಾಕಿಲ್ಲ?" ಎಂದೆ. ಗಂಡ ಹೆಂಡಿರ ನಡುವೆ ಬಾಯಿ ಹಾಕಬಾರದು ನಿಜ, ಆದರೆ ಆ ಹೊತ್ತಿಗೆ ನನಗೂ ಮೈಯೆಲ್ಲ ಉರಿಯುತ್ತಿತ್ತು.

ಅವನು ಬಹಳ ಹೊತ್ತು ಹೆದ್ದಾರಿ ನೋಡುತ್ತ ನಿಂತ. ಆಮೇಲೆ ನೀರಿನ ಪೈಪು ತಾನೇ ಸಿಕ್ಕಿಸಿ, ಗಾಡಿ ಉರುಳದಂತೆ ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು, ಗಾಡಿಯ ಬೀಗದ ಕೈ ತಂದು ಅವಳ ಕೈಯಲ್ಲಿಟ್ಟ.

ಮರುದಿನ ತಿಂಡಿಗೆ ಮೊದಲೇ ಬಾಲ ಸುಟ್ಟ ಬೆಕ್ಕಿನಂತೆ ಪಾರ್ಕನ್ನು ಒಂಬತ್ತು ಸುತ್ತು ಹಾಕಿದ. "ಇವತ್ತು ಎಲ್ಲಿಗೆ ಲೂ?"

"ಬಟ್ಟೆ ಒಗೆಯೋಕೆ."

ಬುಟ್ಟಿ ಎತ್ತಿಕೊಂಡು ಮುಂದೆ ಹೊರಟ. ಒಗೆಯುವ ಕೋಣೆಯ ಬಾಗಿಲ ಬಳಿ ನಿಂತು, ಹಿಂತಿರುಗಿ ನೋಡದೆ, "ಲೂ, ಬರ್ತಿದ್ದೀಯಾ?" ಎಂದ. ಅವಳು ಬೆನ್ನ ಹಿಂದೆಯೇ ಇದ್ದಳು, ಬೇಕೆಂದೇ ಸುಮ್ಮನಿದ್ದಳು. ಅವನು ಬುಟ್ಟಿ ಅವುಚಿಕೊಂಡು ಅಲ್ಲೇ ನಿಂತ. ಅವಳು "ಬಂದೆ, ನಡಿ," ಎನ್ನುವವರೆಗೂ ಹೆಜ್ಜೆ ಎತ್ತಲಿಲ್ಲ.