ಮಹಾದೇವಿ ಹೇಳಿದ್ದು

ಹೋದ ಭಾನುವಾರ ಕೋಠಿ ಪೇಟೆಯಲ್ಲಿ ಹಳೆಯ ಪುಸ್ತಕಗಳನ್ನು ತಡಕಾಡಿ, ಒಂದನ್ನೂ ಕೊಳ್ಳದೆ, ಕುಷಾಯಿಗೂಡದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕ ಸಂತೋಷದಲ್ಲಿ ಕಣ್ಣು ಮುಚ್ಚುವಷ್ಟರಲ್ಲಿ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತಳು. ತೊಡೆಯ ಮೇಲೆ ಬಟ್ಟೆಯ ಚೀಲ, ಅದರೊಳಗೆ ಪ್ಲಾಸ್ಟಿಕ್ ಬಾಟಲಿ. ಮುಚ್ಚಳ ಸರಿಯಾಗಿ ಕೂತಿರಲಿಲ್ಲವೆಂದು ಕಾಣುತ್ತದೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಹುಳಿ ವಾಸನೆ ಮೇಲೇಳುತ್ತಿತ್ತು. ಹುದುಗಿದ ದೋಸೆ ಹಿಟ್ಟಿಗೆ ಯಾರೋ ಬೆಲ್ಲ ಕಲಸಿಟ್ಟು ಮರೆತಂಥ ವಾಸನೆ. ನಿಮಗೆ ಗೊತ್ತಿರಬಹುದು, ಸೇಂದಿಯದು. ಹಿಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ಒಬ್ಬರು ಕಂಡಕ್ಟರನ್ನು ಕೂಗಿ ದೂರು ಹೇಳಿದರು. ಆಕೆ ತಿರುಗಿ ನನ್ನ ಮುಖ ನೋಡಿದಳು, ಇವಳೂ ಏನಾದರೂ ಅನ್ನುತ್ತಾಳೇನೋ ಎಂಬಂತೆ. ನಾನು ಏನೂ ಅನ್ನಲಿಲ್ಲ. ಅನ್ನುವ ಹಕ್ಕನ್ನು ಕಳೆದುಕೊಂಡು ಕೆಲವು ವರ್ಷಗಳೇ ಆದವು.

ಈ ತೆಲುಗು ಊರಿನಲ್ಲಿ ಸೇಂದಿಗೆ ಕಲ್ಲು ಅನ್ನುತ್ತಾರೆ. ಮದುವೆಯಾಗಿ ಕಲಬುರಗಿಯಿಂದ ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಒಂದು ಜಂಬವಿತ್ತು. ತೆಲುಗಿನ ಲಿಪಿ ನಮ್ಮ ಲಿಪಿಯ ತಂಗಿಯಂತೆ ಇರುವುದರಿಂದ ಬೋರ್ಡುಗಳನ್ನೆಲ್ಲ ಸರಸರ ಓದಿಬಿಡುತ್ತಿದ್ದೆ. ಅರ್ಥ ಮಾತ್ರ ನಾನೇ ಹಚ್ಚಿಕೊಳ್ಳುತ್ತಿದ್ದೆ. ಒಂದು ದಿನ 'ಕಲ್ಲು ದುಕಾಣಂ' ಎಂದು ಓದಿಕೊಂಡು ಬಂದು ಯಜಮಾನರಿಗೆ, "ಇಲ್ಲೇ ಬಾಜೂಕ ಕಲ್ಲಿನ ಅಂಗಡಿ ಐತಿ. ಒಂದು ಛಲೋ ರುಬ್ಬುವ ಕಲ್ಲು ನೋಡಿಕೊಂಡು ಬರ್ರಿ" ಎಂದೆ. ಅವರು ಕೆಲಸ ಮಾಡುತ್ತಿದ್ದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆ ಮಾತು ಒಂದು ತಿಂಗಳು ಓಡಾಡಿತಂತೆ. ನಾನೂ ನಕ್ಕೆ. ಅಕ್ಷರ ಬಂದವರಿಗೆಲ್ಲ ಅರ್ಥವೂ ಬಂದಿರುವುದಿಲ್ಲ ಎಂಬ ಪಾಠವನ್ನು ಆವತ್ತೇ ಕಲಿತಿದ್ದರೆ ಚೆನ್ನಾಗಿತ್ತು.

ನಾನು ಸಮಾಜ ವಿಜ್ಞಾನ ಕಲಿಸುವವಳು. ನಮ್ಮದು ದೊಡ್ಡ ಶಾಲೆಯಲ್ಲ. ಮೂರು ಮಹಡಿ, ತಗಡಿನ ಚಾವಣಿಯ ಪ್ರಾರ್ಥನಾ ಅಂಗಳ, ಹೊರಗೆ ಇಂಗ್ಲಿಷ್ ಮೀಡಿಯಂ ಎಂದು ಮಾತ್ರ ಬಹಳ ದೊಡ್ಡದಾಗಿ ಬರೆದ ಫಲಕ. ಮಹಾದೇವಿ ಅಲ್ಲಿಗೆ ಐದನೆಯ ತರಗತಿಗೆ ಸೇರಿದ ಹುಡುಗಿ. ತಂದೆ ತಾಯಿ ಯಾದಗಿರಿ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದವರು. ತಂದೆ ಸೆಂಟ್ರಿಂಗ್ ಕೆಲಸಕ್ಕೆ ಊರೂರು ತಿರುಗುತ್ತಿದ್ದ. ತಾಯಿ ಶಾಂತಮ್ಮ ಇಟ್ಟಿಗೆ, ಮರಳು ಹೊರುತ್ತಿದ್ದಳು. ಮಗಳನ್ನು ಫೀ ಕೊಡುವ ಶಾಲೆಗೇ ಕಳಿಸಬೇಕೆಂಬುದು ಆಕೆಯ ಹಟ.

ನಾನು ಒಮ್ಮೆ ಮೆಟ್ಟಿಲ ಮೇಲೆ ನಿಂತು ತಂಗಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಈ ಹುಡುಗಿ ಬಂದು ಎದುರಿಗೆ ನಿಂತಳು. ಮಾತು ಮುಗಿಯುವವರೆಗೂ ಅಲುಗಲಿಲ್ಲ. ಆಮೇಲೆ, "ಅಕ್ಕೋರ, ನೀವೂ ನಮ್ಮ ಕಡೆದವ್ರೇನ್ರೀ?" ಎಂದಳು. ಇಷ್ಟು ವರ್ಷ ಮಿಸ್ ಆಗಿ, ಮೇಡಂ ಆಗಿ ಬದುಕಿದ್ದವಳನ್ನು ಯಾರೋ ಅಕ್ಕೋರು ಅಂದರು ನೋಡಿ, ಯಾವೂರವ್ವಾ ನಿಂದು ಎಂದು ಕೇಳುತ್ತ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅಂದಿನಿಂದ ಅವಳಿಗೆ ನನ್ನಲ್ಲಿ ಸಲುಗೆ. ಉಳಿದವರೆದುರು ಇಂಗ್ಲಿಷು, ತೆಲುಗು; ನಾನು ಒಬ್ಬಳೇ ಸಿಕ್ಕರೆ ಕನ್ನಡ.

ಒಂಬತ್ತನೆಯ ತರಗತಿಯಲ್ಲಿ ಅವಳ ನಕ್ಷೆಗಳು ಕೆಡತೊಡಗಿದವು. ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಬರೆದ ಗೆರೆಗಳೆಲ್ಲ ನಡುಗುತ್ತಿದ್ದವು. ವಿಚಿತ್ರವೆಂದರೆ ಮಧ್ಯಾಹ್ನದ ಬರವಣಿಗೆ ನೆಟ್ಟಗಿರುತ್ತಿತ್ತು. ಇಪ್ಪತ್ತು ವರ್ಷ ಪಾಠ ಹೇಳಿದವಳು ನಾನು, ಏಕೆ ಹೀಗೆ ಎಂದು ಒಂದು ಸಲ ಕೇಳಬೇಡವೇ? ಕೇಳಲಿಲ್ಲ. ಬದಲಿಗೆ ಅವಳ ನಕ್ಷೆಯನ್ನು ಇಡೀ ತರಗತಿಗೆ ಎತ್ತಿ ತೋರಿಸಿ, "ಮಹಾದೇವಿಯ ಕೃಷ್ಣಾ ನದಿ ಕುಡಿದು ನಡೆಯುತ್ತಿದೆ ನೋಡಿ" ಎಂದೆ. ನಲವತ್ತು ಮಕ್ಕಳು ನಕ್ಕರು. ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೆ ಆಗ ಒಳ್ಳೆಯ ಅಭಿಪ್ರಾಯವಿತ್ತು. ಅವಳು ನಗಲಿಲ್ಲ, ಕೈಗಳನ್ನು ಬೆಂಚಿನ ಕೆಳಗೆ ಇಟ್ಟುಕೊಂಡಳು.

ದಸರಾ ರಜೆ ಮುಗಿದ ಮೇಲೆ ಒಂದು ದಿನ ವ್ಯಾಯಾಮದ ಮೇಷ್ಟರಿಗೆ ಅವಳ ನೀರಿನ ಬಾಟಲಿಯಿಂದ ವಾಸನೆ ಬಂತು. ಅರ್ಧ ಬಾಟಲಿ ಸೇಂದಿ. ಹತ್ತು ನಿಮಿಷದಲ್ಲಿ ಸುದ್ದಿ ಮೂರೂ ಮಹಡಿ ಹತ್ತಿತು. ಸ್ಟಾಫ್ ರೂಮಿನಲ್ಲಿ ಒಬ್ಬರು ನನ್ನನ್ನು ನೋಡಿ, "ನಿಮ್ಮ ಕಡೆಯವಳೇ ಅಲ್ಲವಾ ಮೇಡಂ?" ಎಂದರು. ಅದರಲ್ಲಿ ಕುಹಕವಿತ್ತೋ ಇಲ್ಲವೋ, ನನಗೆ ಮುಖಕ್ಕೆ ಹೊಡೆದಂತಾಯಿತು. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆಸಿದರು. ಶಿಸ್ತು ಸಮಿತಿಯಲ್ಲಿ ನಾನೂ ಒಬ್ಬಳು. ಮೇಲಾಗಿ ಹುಡುಗಿ ಬಾಯಿ ಬಿಡುತ್ತಿಲ್ಲ, ನೀವು ನಿಮ್ಮ ಭಾಷೆಯಲ್ಲಿ ಕೇಳಿ ಎಂದರು.

ನಾನು ಕನ್ನಡದಲ್ಲಿ ಕೇಳಿದ್ದೇ ತಡ, ಮಹಾದೇವಿ ಕಟ್ಟೆ ಒಡೆದಂತೆ ಮಾತಾಡಿದಳು.

"ಅಕ್ಕೋರ, ನಾ ಶೋಕಿಗೆ ಕುಡಿಯಂಗಿಲ್ರಿ. ತಿಂಗಳಾ ಹೊಟ್ಟಿ ಭಾಳ ನೋಯ್ತಿತ್ತು, ಅದಕ್ಕ ಅವ್ವ ಒಂದು ಗ್ಲಾಸ್ ಕೊಟ್ಟಿದ್ಲು. ಆಮ್ಯಾಲ ಅದು ಇಲ್ಲಂದ್ರ ನಿದ್ದಿನ ಹತ್ತವಲ್ದು. ಈಗ ಕುಡೀಲಿಲ್ಲಂದ್ರ ಕೈ ನಡಗತಾವು, ಎದಿ ಢವಢವ ಅಂತೈತಿ. ದಸರಾದಾಗ ಎರಡು ದಿನ ಬಿಟ್ಟಿದ್ದೆ, ಗ್ವಾಡಿ ಮ್ಯಾಲ ಹುಳ ಹರದಾಡಿದಂಗ ಕಂಡವ್ರಿ. ಬಿಡಬೇಕಂತೀನಿ, ಬಿಡಾಕ ಬರವಲ್ದು. ಹೆಂಗ ಬಿಡೂದಂತ ಯಾರನ್ನರ ಕೇಳ್ರಿ, ಅಕ್ಕೋರ."

ಪ್ರಿನ್ಸಿಪಾಲರು ನನ್ನತ್ತ ನೋಡಿದರು. ಅವರ ಹಿಂದೆ ಗೋಡೆಯ ಗಡಿಯಾರ, ಪಕ್ಕದಲ್ಲಿ ಮೂವರು ಸಹೋದ್ಯೋಗಿಗಳು, ನನ್ನ ಕಿವಿಯಲ್ಲಿ ಇನ್ನೂ 'ನಿಮ್ಮ ಕಡೆಯವಳು'. ಆ ಹುಡುಗಿಗೂ ನನಗೂ ಸಂಬಂಧವಿಲ್ಲವೆಂದು ತೋರಿಸಿಬಿಡಬೇಕೆನಿಸಿತು. "ಶೀ ಈಸ್ ಹ್ಯಾಬಿಚುಯೇಟೆಡ್, ಸರ್" ಎಂದೆ. ಚಟ ಹತ್ತಿದೆಯಂತೆ. ಅಷ್ಟೇ. ಅವಳ ಅಷ್ಟು ಮಾತಿಗೆ ನನ್ನದು ಒಂದು ವಾಕ್ಯ.

ಶಾಲೆಯಲ್ಲಿ ಇಂಥ ಮಕ್ಕಳಿಗೆಂದೇ ಒಂದು ಕೋಣೆ ಇತ್ತು, ಸುಳ್ಳು ಹೇಳಬಾರದು. ಬಾಗಿಲ ಮೇಲೆ 'ಆಪ್ತ ಸಮಾಲೋಚನೆ' ಎಂದು ಇಂಗ್ಲಿಷಿನಲ್ಲಿ ಚಂದದ ಅಕ್ಷರ. ಒಳಗೆ ಕ್ರೀಡಾಕೂಟದ ಚಾಪೆಗಳು, ಮುರಿದ ಹಾರ್ಮೋನಿಯಂ. ತಪಾಸಣೆಯವರು ಬರುವ ದಿನ ಚಾಪೆಗಳು ಮಹಡಿಗೆ ಹೋಗುತ್ತಿದ್ದವು, ಎರಡು ಕುರ್ಚಿ ಒಳಗೆ ಬರುತ್ತಿದ್ದವು. ಆ ಕೋಣೆಯ ಮಾತನ್ನು ಆವತ್ತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಹೊರಗೆ ಹಾಕಿದೆವೆಂದು ಬರೆದರೆ ಹುಡುಗಿಯ ಭವಿಷ್ಯ ಕೆಡುತ್ತದೆ. ತಂದೆ ತಾಯಿಯೇ ಟಿ.ಸಿ. ಕೇಳಿದಂತೆ ಅರ್ಜಿ ಬರೆಸಿಕೊಳ್ಳೋಣ, ನಡತೆ ಉತ್ತಮ ಎಂದೇ ಕೊಡೋಣ ಎಂದರು. ನಮಗೆಲ್ಲ ಇದು ಬಹಳ ದಯೆಯ ಮಾತಾಗಿ ಕೇಳಿಸಿತು. ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದವಳು ನಾನು. ನನ್ನ ಅಕ್ಷರ ಮುತ್ತಿನಂಥದ್ದು ಎಂದು ಹೆಸರು.

ಶಾಂತಮ್ಮ ಕೆಲಸದ ಜಾಗದಿಂದ ನೇರವಾಗಿ ಬಂದಳು. ಸೀರೆಯ ಅಂಚಿಗೆ ಸಿಮೆಂಟು ಮೆತ್ತಿತ್ತು. ಕುರ್ಚಿಯಲ್ಲಿ ಕೂರಲಿಲ್ಲ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನನ್ನು ಕೇಳಿದಳು.

"ಇದ್ರಾಗ ಏನ್ ಬರ್ದೀರಿ ಅಕ್ಕೋರ?"

"ನೀವು ಜಾಗಾ ಬದ್ಲಿ ಮಾಡಾಕತ್ತೀರಿ, ಅದಕ್ಕ ಮಗಳನ್ನ ಬಿಡಿಸಿಕೊಂಡು ಹೊಂಟೀರಿ ಅಂತ ಬರ್ದೀನಿ."

"ನಾವು ಎಲ್ಲೀ ಹೊಂಟಿಲ್ಲಲ್ರಿ?"

"ಹೊಂಟಿಲ್ಲ, ಖರೇ. ಬರೇ ಕಾಗದಕ್ಕ. ಹಿಂಗ ಬರದ್ರ ಹುಡುಗಿ ಹೆಸರು ಕೆಡಂಗಿಲ್ಲ."

ಆಕೆ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನೀವು ಹೇಳತೀರಂದ್ರ ಬರೋಬ್ಬರಿನ ಇರತೈತಿ" ಎಂದು ಸಹಿ ಹಾಕಿದಳು. ಸಹಿ ಕಲಿಸಿದ್ದು ಮಹಾದೇವಿಯೇ ಅಂತೆ. ಹೊರಡುವಾಗ ನಾನು ಉಪದೇಶವನ್ನೂ ಕೊಟ್ಟೆ. "ಮನ್ಯಾಗ ಒಂದು ಹನೀನೂ ಇಡಬ್ಯಾಡ್ರಿ. ಗಟ್ಟಿ ಮನಸು ಮಾಡಿ ಇವತ್ತಿಂದನ ಬಿಡಿಸ್ರಿ. ಏನರ ಇದ್ರ ಫೋನ್ ಮಾಡ್ರಿ" ಎಂದು ನಂಬರನ್ನೂ ಬರೆದುಕೊಟ್ಟೆ. ಆ ಸಂಜೆ ಚಹಾ ಕುಡಿಯುತ್ತ ಯಜಮಾನರ ಮುಂದೆ, ಒಂದು ಹುಡುಗಿಯ ಹೆಸರು ಉಳಿಸಿದೆ ಎಂದು ಹೇಳಿಕೊಂಡದ್ದೂ ನೆನಪಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಫೋನ್ ಬಂತು. ಶಾಂತಮ್ಮನ ಮಾತು ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. "ಅಕ್ಕೋರ, ಹುಡುಗಿ ಸೆಟೆದು ಸೆಟೆದು ಬೀಳಾಕತ್ತಾಳ. ನನ್ನ ಗುರುತ ಹಿಡಿಯವಲ್ಲಳು."

ಅವರ ಕೋಣೆ ಶಾಲೆಯಿಂದ ಹತ್ತು ನಿಮಿಷದ ದಾರಿ. ಹೋಗಿ ನೋಡಿದರೆ ಬಾಗಿಲ ಹೊರಗಿನ ಚಿಲಕಕ್ಕೆ ಬೀಗ ನೇತಾಡುತ್ತಿತ್ತು. ಅಕ್ಕೋರು ಹೇಳ್ಯಾರ ಎಂದು ತಾಯಿ ಮಗಳನ್ನು ಮೂರು ದಿನ ಒಳಗೆ ಹಾಕಿ ಕೆಲಸಕ್ಕೆ ಹೋಗಿದ್ದಳು. ಮಹಾದೇವಿ ಗೋಡೆಯ ಮೂಲೆಯಲ್ಲಿ ಬೆವರಿ ತೊಯ್ದು ಬಿದ್ದಿದ್ದಳು; ನಾಲಿಗೆ ಕಚ್ಚಿಕೊಂಡು ಗಲ್ಲದ ಮೇಲೆ ರಕ್ತ. ಇಬ್ಬರೂ ಸೇರಿ ಎತ್ತಿ ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದೆವು. ದಾರಿಯಲ್ಲಿ ಇನ್ನೊಂದು ಸಲ ಫಿಟ್ಸ್ ಬಂತು.

ಅಲ್ಲಿದ್ದ ವೈದ್ಯೆ ಚಿಕ್ಕ ವಯಸ್ಸಿನವಳು. ಇಂಜೆಕ್ಷನ್ ಕೊಟ್ಟು, ಹುಡುಗಿ ಸ್ವಲ್ಪ ಸಡಿಲವಾದ ಮೇಲೆ ನಮ್ಮತ್ತ ತಿರುಗಿದಳು. ತೆಲುಗಿನಲ್ಲಿ ಸಿಟ್ಟಿನಿಂದ ಹೇಳಿದ್ದು ಇಷ್ಟು: ಈ ಕಲ್ಲಿನಲ್ಲಿ ಬರೀ ಕಲ್ಲು ಎಲ್ಲಿದೆ? ನಿದ್ದೆ ಗುಳಿಗೆಯ ಪುಡಿ ಬೆರೆಸುತ್ತಾರೆ. ಮೈ ಅದಕ್ಕೆ ಒಗ್ಗಿದ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಜೀವವೇ ಹೋಗುತ್ತದೆ. ಔಷಧ ಕೊಟ್ಟು ದಿನದಿನಕ್ಕೆ ಇಳಿಸಬೇಕು. "ಹೀಗೆ ನಿಲ್ಲಿಸಿ ಅಂತ ಯಾರು ಹೇಳಿದ್ದು?"

ಶಾಂತಮ್ಮ ನನ್ನ ಕಡೆ ನೋಡಲೇ ಇಲ್ಲ. "ನಾನೇ ನಿಲ್ಲಿಸಿದೆ ಡಾಕ್ಟರಮ್ಮ" ಎಂದು ತನ್ನ ಹರಕು ತೆಲುಗಿನಲ್ಲಿ ಹೇಳಿದಳು.

"ಮೊದಲು ಕೈ ನಡುಗುತ್ತಿತ್ತಾ? ಏನೇನೋ ಕಾಣುತ್ತಿತ್ತಾ? ಯಾರಿಗಾದರೂ ಹೇಳಿದ್ದಳಾ?"

ತಾಯಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ನಾನು ಹುಡುಗಿಯ ಕಾಲಿಗೆ ಹೊದಿಕೆ ಸರಿಪಡಿಸುತ್ತ ನಿಂತೆ.

ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ ಅವಳಿಗೆ ಪೂರ್ತಿ ಎಚ್ಚರ ಬಂದಿತ್ತು. ಶಾಂತಮ್ಮ ಔಷಧ ತರಲು ಹೋಗಿದ್ದಳು. ನಾನು ಮೋಸಂಬಿ ಸುಲಿಯುತ್ತಿದ್ದೆ. ಮಹಾದೇವಿ ನನ್ನ ಕೈಗಳನ್ನೇ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಳು. "ಅಕ್ಕೋರ, ಅವತ್ತು ಸರ್ ಮುಂದ ನೀವು ಒಂದ ಮಾತು ಹೇಳಿದ್ರಿ."

ನಾನು ಸಿಪ್ಪೆಯನ್ನು ಕಾಗದದ ಮೇಲೆ ಗುಡ್ಡೆ ಹಾಕುತ್ತಲೇ ಇದ್ದೆ.

"ನಂಗ ಇಂಗ್ಲಿಷ್ ತಿಳೀತೈತ್ರಿ. ನೀವು ಇದ್ದೀರಲ್ಲಾ, ನೀವ ಛಂದಾಗಿ ಹೇಳತೀರಂತ ಸುಮ್ಮನಿದ್ದೆ."

ಅವಳು ಬೈಯಲಿಲ್ಲ. ಮೋಸಂಬಿಯ ತೊಳೆಯನ್ನು ಕೈಗಿಟ್ಟರೆ ತೆಗೆದುಕೊಂಡಳು, ತಿನ್ನಲಿಲ್ಲ.

ಮರುದಿನ ಪ್ರಿನ್ಸಿಪಾಲರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಈ ಸಲ ಪೂರ್ತಿ. ಅವಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಿಕೊಂಡೆ. ಅವರು ನಿಜವಾಗಿಯೂ ನೊಂದುಕೊಂಡರು. ಆಮೇಲೆ ಫೈಲು ತೆರೆದು ಅರ್ಜಿಯನ್ನು ನನ್ನ ಮುಂದೆ ಇಟ್ಟರು. ನಾವು ತೆಗೆದು ಹಾಕಿಯೇ ಇಲ್ಲವಲ್ಲ ಮೇಡಂ, ಅವರೇ ಜಾಗ ಬದಲಿಸುತ್ತಿದ್ದೇವೆಂದು ಬಿಡಿಸಿಕೊಂಡು ಹೋಗಿದ್ದಾರೆ, ಆಡಳಿತ ಮಂಡಳಿಗೆ ಏನೆಂದು ಹೇಳಲಿ ಎಂದರು. ಮುತ್ತಿನಂಥ ಅಕ್ಷರ ನನ್ನನ್ನೇ ನೋಡುತ್ತಿತ್ತು. ಎಲ್ಲೂ ಒಂದು ತಪ್ಪಿಲ್ಲ, ಹಿಡಿಯಲು ಒಂದು ಸಂದಿಲ್ಲ.

ಸರ್ಕಾರಿ ಶಾಲೆಯೊಂದರಲ್ಲಿ ಸೇರಿಸಿಕೊಳ್ಳಲು ಒಪ್ಪಿಸಿದೆ. ಮಹಾದೇವಿ ಒಲ್ಲೆ ಎಂದಳು. ಔಷಧವನ್ನು ಮಾತ್ರ ಹೇಳಿದ ಹಾಗೆ ತೆಗೆದುಕೊಂಡಳು. ಕೈ ನಡುಗುವುದು ನಿಂತಿತು, ನಿದ್ದೆ ಬಂತು. ಮೈ ನೆಟ್ಟಗಾದ ಮೇಲೆ ತಾಯಿಯ ಜೊತೆ ಬುಟ್ಟಿ ಹೊರಲು ಹೋದಳು. ಬೇಸಿಗೆಯಲ್ಲಿ ಶಾಂತಮ್ಮ ಒಮ್ಮೆ ಫೋನ್ ಮಾಡಿದ್ದಳು. "ಕೂಕಟ್‌ಪಲ್ಲಿ ಕಡೆ ಹೊಸಾ ಬಿಲ್ಡಿಂಗ್ ಕೆಲಸಕ್ಕ ಹತ್ತೇವ್ರಿ. ಇಲ್ಲೇ ಇರಾಕ ಬಂದೀವಿ. ನೀವು ಕಾಗದದಾಗ ಬರದಿದ್ದು ಖರೇನ ಆತು ನೋಡ್ರಿ." ಚುಚ್ಚಲು ಆಡಿದ ಮಾತಲ್ಲ ಅದು. ಆಕೆಗೆ ಚುಚ್ಚಿ ಮಾತಾಡಲು ಬರುವುದಿಲ್ಲ. ಮಗಳಿಗೆ ಫೋನ್ ಕೊಡಿ ಎಂದೆ. ಆ ಕಡೆ ಸ್ವಲ್ಪ ಗುಸುಗುಸು ಕೇಳಿತು. "ಕೆಲಸದಾಗ ಅದಾಳಂತ್ರಿ" ಎಂದಳು ಶಾಂತಮ್ಮ. ಆಮೇಲೆ ಆ ನಂಬರು ಹತ್ತಲಿಲ್ಲ.

ಬಸ್ಸಿನ ಆ ಭಾನುವಾರ ಕಳೆದು ಎರಡನೆಯ ದಿನವೇ ಶಾಲೆಯಲ್ಲಿ ಮತ್ತೆ ಸಮಿತಿ ಸೇರಿತು. ಹತ್ತನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಕೆಮ್ಮಿನ ಸಿರಪ್ಪಿನ ಮೂರು ಬಾಟಲಿ ಸಿಕ್ಕಿದ್ದವು, ಒಂದು ಖಾಲಿ. ಪ್ರಿನ್ಸಿಪಾಲರು ಹೊಸಬರು, ಮಾತು ಮಾತ್ರ ಹಳೆಯದೇ: ತಂದೆಯಿಂದ ಒಂದು ಅರ್ಜಿ ಬರೆಸಿಕೊಳ್ಳೋಣ. ಮೊದಲು ಹುಡುಗನೊಂದಿಗೆ ಮಾತಾಡಬೇಕು ಎಂದು ನಾನು ಹಟ ಹಿಡಿದೆ. ಚಾಪೆಗಳ ಕೋಣೆಯ ಬೀಗ ತೆಗೆಸಿ, ಒಂದು ಚಾಪೆ ಹಾಸಿ ಇಬ್ಬರೂ ಕೂತೆವು. ಕುಡಿಯದಿದ್ದ ದಿನ ಏನಾಗುತ್ತದೆ ಎಂದು ಕೇಳಿದೆ. ಅವನು ತೆಲುಗಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದ. ಅವನು ಅಂದದ್ದನ್ನು ಅಂದ ಹಾಗೆಯೇ ಬರೆದುಕೊಂಡೆ. ಅಕ್ಷರ ಎಲ್ಲೆಲ್ಲಿಗೋ ಓಡಿತು.

ಸಮಿತಿಯ ಮುಂದೆ ಪ್ರಿನ್ಸಿಪಾಲರು ಸಾರಾಂಶ ಹೇಳಿ ಸಾಕು ಎಂದರು.

"ಸಾರಾಂಶ ಇಲ್ಲ ಸರ್. ನಾಲ್ಕು ಪುಟ ಇದೆ. ಓದುತ್ತೇನೆ" ಎಂದು ನಿಂತೇ ಓದಿದೆ. ನಡುವೆ ಗಂಟೆ ಹೊಡೆಯಿತು. ಒಬ್ಬರು ಎದ್ದು ತರಗತಿಗೆ ಹೋದರು. ನಾನು ನಿಲ್ಲಿಸಲಿಲ್ಲ.

ವೈದ್ಯರು ನೋಡುವವರೆಗೆ ಯಾವ ತೀರ್ಮಾನವೂ ಬೇಡ ಎಂದಷ್ಟೇ ಆಗಿದೆ. ಮುಂದಿನ ತಿಂಗಳಿನಿಂದ ಸಮಿತಿಯಲ್ಲಿ ನನ್ನ ಹೆಸರು ಇರುವುದಿಲ್ಲ ಎಂದೂ ಕಿವಿಗೆ ಬಿದ್ದಿದೆ. ಇರಲಿ. ಇದರಿಂದ ಮಹಾದೇವಿಯ ತಲೆಯ ಮೇಲಿನ ಬುಟ್ಟಿ ಒಂದು ಇಟ್ಟಿಗೆಯಷ್ಟೂ ಹಗುರಾಗುವುದಿಲ್ಲ. ಹಗುರಾಯಿತೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವಷ್ಟು ಮೂರ್ಖಳಲ್ಲ ನಾನು. ನಾಳೆ ಶನಿವಾರ. ಆ ಹುಡುಗನನ್ನೂ ಅವನ ತಂದೆಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ರಜೆಯ ಅರ್ಜಿ ಕೊಟ್ಟು ಬಂದೆ. ಕಾರಣ ಎಂಬಲ್ಲಿ ಸಹೋದ್ಯೋಗಿಯೊಬ್ಬರು, "ಜ್ವರ ಅಂತ ಬರೀರಿ ಮೇಡಂ, ಸುಮ್ಮನೆ ಯಾಕೆ" ಎಂದರು. ನಾನು ಇದ್ದದ್ದನ್ನೇ ಬರೆದೆ.