ಪಕೀರಮ್ಮನ ಮೂಗು, ಸಾಹುಕಾರರ ಬಸ್ಸು

ಪಕೀರಮ್ಮ ತನ್ನ ಜೀವಮಾನದಲ್ಲಿ ಯಾವ ನಾತಕ್ಕೂ ಮೂಗಿಗೆ ಸೆರಗು ಹಿಡಿದವಳಲ್ಲ. ಹಿಡಿಯುವವರನ್ನು ಕಂಡರೂ ಅವಳಿಗೆ ಆಗುತ್ತಿರಲಿಲ್ಲ. "ಹೊಟ್ಯಾಗ ಇರೋತನಾ ತಮ್ಮದು, ಹೊರಗ ಬಂದಕೂಡ್ಲೆ ಮಂದೀದು" ಎಂದು ಗೊಣಗಿ, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದಳು.

ತುರ್ವಿಹಾಳದವಳು. ಚಿಕ್ಕಂದಿನಿಂದ ಗದ್ದೆ ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚಿದ ಸೊಂಟ ಅವಳದು. ಗಂಡ ಕನಕರಾಯ ಸಿಂಧನೂರಿನ ಸಾಹುಕಾರ ಅಮರಗುಂಡಪ್ಪನ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಹೊರುತ್ತ ಹೊರುತ್ತಲೇ ಒಂದು ದಿನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಸಾಹುಕಾರ ಹೆಣಕ್ಕೊಂದು ಹಾರ ಹಾಕಿದ, ಹೆಂಡತಿಯನ್ನು ತನ್ನ ಮನೆಯ ಕಸಮುಸುರೆಗೆ ಇಟ್ಟುಕೊಂಡ, ಇದನ್ನೇ ದೊಡ್ಡ ಧರ್ಮಕಾರ್ಯ ಎಂಬಂತೆ ಊರ ತುಂಬ ಹೇಳಿಕೊಂಡು ತಿರುಗಿದ. ಅಂಥ ಮನುಷ್ಯ ಅವನು. ಮಾಡುವುದು ಚಿಟಿಕೆಯಷ್ಟು, ಹೇಳುವುದು ಮೂಟೆಯಷ್ಟು.

ಎಂಬತ್ತಮೂರರಲ್ಲಿ ಗೋಬರ್ ಗ್ಯಾಸ್ ಹುಚ್ಚು ಎಲ್ಲ ಕಡೆ ಹಬ್ಬಿತ್ತಲ್ಲ, ಆಗ ಸಾಹುಕಾರನೂ ಹಿತ್ತಲಲ್ಲಿ ಗುಂಡಿ ತೋಡಿಸಿ, ಮೇಲೊಂದು ಕಬ್ಬಿಣದ ಡ್ರಮ್ಮು ಬೋರಲು ಹಾಕಿಸಿದ. ಸರ್ಕಾರದ ಸಾಹೇಬರು ಬಂದರು, ಒಲೆ ಹೊತ್ತಿಸಿದರು, ಫೋಟೋ ತೆಗೆಸಿಕೊಂಡು ಹೋದರು. ವಾರ ಕಳೆಯುವುದರೊಳಗೆ ಆ ಗುಂಡಿಯತ್ತ ಮನೆಯವರು ಒಬ್ಬರೂ ತಲೆ ಹಾಕಲಿಲ್ಲ. ಆಮೇಲಿನ ಆರು ವರ್ಷ ದಿನಾ ಬೆಳಿಗ್ಗೆ ಸಗಣಿ ಕಲಸಿ ಹುಯ್ದವಳು ಪಕೀರಮ್ಮ. ಅವಳಿಗೆ ಯಾರೂ ಪಾಠ ಹೇಳಲಿಲ್ಲ. ನೀರು ಕಮ್ಮಿಯಾದರೆ ಗುಂಡಿ ಕೆಡುತ್ತದೆ ಎಂದು ತಾನೇ ನೋಡಿ ತಿಳಿದಳು. ಗ್ಯಾಸು ಮೇಲಕ್ಕೆ ದಾರಿ ಕೊಟ್ಟರೆ ಮೇಲಕ್ಕೆ ಹೋಗುತ್ತದೆ, ಕೊಡದಿದ್ದರೆ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ ಎಂಬುದನ್ನೂ ತಿಳಿದಳು. ಒಮ್ಮೆ ಸಾಹುಕಾರನ ಹೆಂಡತಿ ಕಸ್ತೂರೆಮ್ಮ, ಹಿತ್ತಲು ಸ್ವಚ್ಛ ಇರಲಿ ಎಂದು ಒಂದು ಬಾಟಲಿ ಫಿನಾಯಿಲನ್ನು ಆ ಗುಂಡಿಗೇ ಸುರಿದಳು. ಗುಂಡಿ ಕೆಟ್ಟು ಹನ್ನೆರಡು ದಿನ ಒಲೆ ಹತ್ತಲಿಲ್ಲ. ಬೈಸಿಕೊಂಡವಳು ಮಾತ್ರ ಪಕೀರಮ್ಮ.

ಎಂಬತ್ತೊಂಬತ್ತರಲ್ಲಿ ಬಸ್ಸು ಬಂತು. ಎಲ್ಲೋ ಹರಾಜಿನಲ್ಲಿ ಹಿಡಿದ ಹಳೆಯ ಬಸ್ಸು. ಅರ್ಧ ಸೀಟು ಕಿತ್ತಿಸಿ ಎರಡು ಮಂಚ, ಒಂದು ಸ್ಟೋವಿನ ಕಟ್ಟೆ, ನೀರಿನ ತಗಡಿನ ಟಾಕಿ ಎಲ್ಲ ಮಾಡಿಸಿದ. ಬಸ್ಸಿನ ನೆತ್ತಿಯ ಮೇಲೆ, ಮುಂಭಾಗದಲ್ಲಿ, ತಾನು ನಡೆದುಕೊಳ್ಳುವ ಗುರುಗಳ ಆಳೆತ್ತರದ ಭಾವಚಿತ್ರ, ಸುತ್ತ ಬಣ್ಣದ ಬಲ್ಬು. ಇಡೀ ತಾಲ್ಲೂಕಿನಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ಸಾಹುಕಾರ ಹೋದಲ್ಲಿ ಬಂದಲ್ಲಿ ಹೇಳಿದ. ಇನ್ನೊಂದು ಯಾಕಿರಬೇಕು ಎಂದು ಕೇಳುವವರು ಯಾರೂ ಇರಲಿಲ್ಲ.

ಬಸ್ಸು ಮಾಡಿಸಿದ್ದು ತಾಯಿಗಾಗಿ ಎಂದೂ ಹೇಳಿಕೊಂಡ. ತಾಯಿ ಬಸವಣ್ಣೆಮ್ಮನಿಗೆ ಸಾಯುವುದರೊಳಗೆ ಒಮ್ಮೆ ಕೂಡಲಸಂಗಮ ನೋಡಬೇಕೆಂಬ ಆಸೆ ಇದ್ದದ್ದು ನಿಜ. ಆದರೆ ಮೂತ್ರದಲ್ಲಿ ಹರಳು. ಲಿಂಗಸುಗೂರಿನ ಡಾಕ್ಟರು, ದಿನಕ್ಕೆ ಹತ್ತು ಲೋಟ ನೀರು ಕುಡಿಯಲೇಬೇಕು, ಬಿಟ್ಟರೆ ಜೀವಕ್ಕೇ ಕುತ್ತು ಬರುತ್ತದೆ ಎಂದಿದ್ದರು. ಕುಡಿದರೆ ಗಂಟೆಗೊಮ್ಮೆ ಹೋಗಬೇಕು. ಬಯಲುಸೀಮೆಯ ರಸ್ತೆಯಲ್ಲಿ ಒಂದು ಮುಳ್ಳುಕಂಟಿಯ ಮರೆ ಸಿಗುವುದು ಕಷ್ಟ, ಎಂಬತ್ತರ ಮುದುಕಿ ಎಲ್ಲಿ ಕೂರಬೇಕು? ಹಾಗಾಗಿ ಬಸ್ಸಿನ ಹಿಂಬದಿಯಲ್ಲಿ ಒಂದು ಸಂಡಾಸ ಮಾಡಿಸಲೇಬೇಕಾಯಿತು. ಅವ್ವನನ್ನು ನೋಡಿಕೊಳ್ಳುವ ಕೆಲಸ ಪಕೀರಮ್ಮನದು, ಅಂದಮೇಲೆ ಸಂಡಾಸವೂ ಅವಳದೇ.

ಕೆಲಸ ಮಾಡಿದವನು ವೆಲ್ಡಿಂಗ್ ಜಿಲಾನಿಸಾಬ್. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವುದರಲ್ಲಿ ಅವನ ಕೈ ಎತ್ತಿದ ಕೈ. ನೆಲದ ಕೆಳಗೆ ಕಬ್ಬಿಣದ ಟಾಕಿ ಕೂರಿಸಿದ, ಅದರ ಬುಡದಲ್ಲಿ ಖಾಲಿ ಮಾಡಲು ಒಂದು ತಿರುಪು ಇಟ್ಟ. ಸಂಡಾಸದ ಕೆಳಗಿನ ಕೊಳವೆಯನ್ನು ಬಾಗಿಸಿ, ಅಲ್ಲಿ ಸದಾ ಒಂದಿಷ್ಟು ನೀರು ನಿಂತು ವಾಸನೆಗೆ ಬಾಗಿಲು ಹಾಕುವಂತೆ ಮಾಡಿದ. ಟಾಕಿಯಿಂದ ಒಂದು ಪೈಪನ್ನು ಬಸ್ಸಿನ ಬೆನ್ನಿಗಂಟಿಸಿ, ನೆತ್ತಿ ದಾಟಿಸಿ, ಆಳೆತ್ತರಕ್ಕೂ ಒಂದು ಗೇಣು ಮೇಲೆ ಬಿಟ್ಟ. ಪಕೀರಮ್ಮ ನೋಡಿ ತಲೆದೂಗಿದಳು.

ಸಾಹುಕಾರನೂ ನೋಡಿದ. ಅವನ ಮುಖ ಗಂಟಿಕ್ಕಿತು.

"ಗುರುಗಳ ತಲಿಗಿಂತ ಎತ್ತರ ಸಂಡಾಸದ ಪೈಪ್ ನಿಲ್ಲಿಸಿಯಲ್ಲೋ. ಕಣ್ಣಾಗ ಏನ್ ಮಣ್ಣ ಬಿದ್ದೈತಿ? ಕೊಯ್ದು ಒಗಿ ಅದನ್ನ."

"ಸಾವ್ಕಾರ್ರ, ಗಬ್ಬು ವಾಸ್ನಿ ಮ್ಯಾಲೆ ಹೋಗಾಕ ದಾರಿ ಬೇಕ್ರಿ. ಕೊಯ್ದ್ರ ಬಸ್ಸಿನಾಗ ಬರತೈತಿ."

"ನೀ ಕಬ್ಬಿಣ ಹಚ್ಚಾಂವ. ಹಚ್ಚು ಅಂದಾಗ ಹಚ್ಚು, ಕೊಯ್ಯಿ ಅಂದಾಗ ಕೊಯ್ಯಿ."

ಜಿಲಾನಿಸಾಬ್ ಕೊಯ್ದ. ಕಿಟಕಿಯ ಕೆಳಗೆ, ಮೊಳಕಾಲೆತ್ತರದಲ್ಲಿ, ಪೈಪು ಮೊಂಡಾಗಿ ನಿಂತಿತು. ಸಲಕರಣೆ ಸೈಕಲ್ಲಿಗೆ ಕಟ್ಟಿಕೊಂಡು, ಸಲಾಮನ್ನೂ ಹೇಳದೆ ಹೋದ.

ಮೊದಲ ಪ್ರಯಾಣ ಲಿಂಗಸುಗೂರಿಗೆ, ಬೀಗರ ಮನೆಯ ಗೃಹಪ್ರವೇಶಕ್ಕೆ. ಸಿಂಧನೂರು ಬಿಟ್ಟು ಅರ್ಧ ಗಂಟೆಯಾಗಿತ್ತು, ಮಸ್ಕಿ ಇನ್ನೂ ಬಂದಿರಲಿಲ್ಲ, ಬಸ್ಸಿನೊಳಗೆ ನಾತ ಎದ್ದಿತು. ಜರಿ ಪಂಚೆ, ರೇಷ್ಮೆ ಸೀರೆ ಉಟ್ಟವರೆಲ್ಲ ಮೂಗು ಹಿಡಿದರು. ಸಾಹುಕಾರ ಕಿಟಕಿ ತೆಗೆಯಿರಿ ಎಂದ. ತೆಗೆದಷ್ಟೂ ನಾತ ಹೆಚ್ಚಾಯಿತು. ಆಗದೆ ಇರುತ್ತದೆಯೇ? ಓಡುವ ಬಸ್ಸಿನ ಹಿಂದೆ ಸುತ್ತುವ ಗಾಳಿ, ಮೊಂಡು ಪೈಪಿನ ಬಾಯಿಂದ ಎಳೆದದ್ದನ್ನೆಲ್ಲ ತಂದು ಕಿಟಕಿಯಲ್ಲಿ ಹಾಕುತ್ತಿತ್ತು. ಊದಿನಕಡ್ಡಿ ಹಚ್ಚಿದರು, ಕರ್ಪೂರ ಹಚ್ಚಿದರು, ಯಾರೋ ಅತ್ತರು ಚಿಮುಕಿಸಿದರು. ಕಸ್ತೂರೆಮ್ಮ ಮತ್ತೆ ಫಿನಾಯಿಲ್ ಬಾಟಲಿ ಹಿಡಿದು ನಿಂತಳು. ಜೊತೆಗೆ ಪೂಜೆಗೆ ಬೇಕು ಎಂದು ನೀರಿನ ಟಾಕಿಗೆ ಬೀಗ ಹಾಕಿ, ಸಂಡಾಸಕ್ಕೆ ಒಮ್ಮೆಗೆ ಒಂದೇ ಲೋಟ ಎಂದು ಕಟ್ಟಪ್ಪಣೆ ಮಾಡಿದ್ದಳು. ಬಾಗಿದ ಕೊಳವೆಯಲ್ಲಿ ನಿಲ್ಲಬೇಕಾದ ನೀರೂ ಹೀಗೆ ಒಣಗಿತು. ಇಷ್ಟೆಲ್ಲ ಬುದ್ಧಿವಂತಿಕೆ ಒಂದೇ ಮನೆಯಲ್ಲಿ ಸೇರಿದ್ದು ಆಶ್ಚರ್ಯ.

ಮಸ್ಕಿ ದಾಟಿದ ಮೇಲೆ ಕಸ್ತೂರೆಮ್ಮ ಪಕ್ಕದವಳ ಕಿವಿಯಲ್ಲಿ ಹೇಳುವವಳಂತೆ ಬಾಗಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು:

"ಬಸ್ಸಿನದಲ್ಲ ಬಿಡ್ರಿ. ನಮ್ಮತ್ತಿ ಮೈಯಾಗಿಂದ ಬರಾಕತ್ತೈತಿ. ವಯಸ್ಸಾದಮ್ಯಾಲೆ ಇನ್ನೇನು."

ಯಾರೋ ನಕ್ಕರು. ಸಾಹುಕಾರ ಕೇಳಿಸಿಕೊಂಡ, ಕಿಟಕಿಯ ಆಚೆ ನೋಡಿದ. ಬಸವಣ್ಣೆಮ್ಮ ಸೆರಗನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡು, ಮಂಚದ ಮೂಲೆಗೆ ಸರಿದಳು. ಆ ಮಾತಾಡಿದ ಬಾಯಿಗೆ ಆಗಿಂದಾಗಲೇ ಬೂದಿ ತುರುಕಬೇಕೆನ್ನಿಸಿತು ಪಕೀರಮ್ಮನಿಗೆ.

ಅಂದಿನಿಂದ ಮುದುಕಿ ನೀರು ಬಿಟ್ಟಳು. ಮನೆಗೆ ಬಂದಮೇಲೂ ಅಷ್ಟೇ. ಹೊತ್ತಿಗೊಂದು ಗುಟುಕು, ಅದೂ ಪಕೀರಮ್ಮ ಬೈದರೆ. ದಿನಕ್ಕೆರಡು ಸಲ ಮೈ ತೊಳೆಸಿಕೊಂಡಳು. ತೊಳೆಸಿಕೊಂಡು, "ಇನ್ನೂ ನಾರತೈತೇನಬೇ?" ಎಂದು ಕೇಳಿದಳು. ನಾಲ್ಕನೇ ದಿನಕ್ಕೆ ತುಟಿ ಒಡೆದವು, ಸೊಂಟದ ನೋವು ಮತ್ತೆ ಕಾಣಿಸಿತು, ಮೈ ಬಿಸಿಯಾಯಿತು.

"ಅವ್ವಾರ, ನೀರ ಕುಡೀರಿ. ಡಾಕ್ಟರು ಏನ್ ಹೇಳ್ಯಾರ ಮರತ್ರೇನು?"

"ಕುಡದ್ರ ಹೋಗಬೇಕಾಗತೈತಿ. ಹೋದ್ರ ಮಂದಿ ಮೂಗ ಮುಚ್ಚತಾರ. ಬ್ಯಾಡ ಬಿಡು, ಹಿಂಗ ಹೋಗಿಬಿಡ್ತೀನಿ."

ಪಕೀರಮ್ಮ ನೆಟ್ಟಗೆ ಸಾಹುಕಾರನ ಮುಂದೆ ಹೋಗಿ ನಿಂತಳು. ಪೈಪು ಮೊದಲಿನಂತೆ ಮೇಲೆ ಹೋಗಬೇಕು, ಸಂಡಾಸಕ್ಕೆ ಧಾರಾಳವಾಗಿ ನೀರು ಬೇಕು, ಫಿನಾಯಿಲ್ ಬೇಡ ಎಂದಳು. ಗೋಬರ್ ಗ್ಯಾಸಿನ ಸಂಗತಿಯನ್ನೂ ನೆನಪಿಸಿದಳು. ಸಾಹುಕಾರ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ, ಕೊನೆಗೆ ಅಂದ:

"ಸಗಣಿ ಕಲಸಾಕಿ ನನಗ ಶಾಣ್ಯಾತನ ಹೇಳಾಕ ಬಂದಾಳ. ಸಂಡಾಸ ನೆಟ್ಟಗ ತೊಳಿ, ನಾತ ತಾನ ಹೋಗತೈತಿ. ಮುಂದಿನ ಸೋಮವಾರ ಸಂಗಮಕ್ಕ ಹೊಂಟೀವಿ. ಆಗ ನಾರಿತಂದ್ರ ಅವ್ವನ್ನ ಅರ್ಧ ದಾರಿಯಾಗ ಇಳಿಸಿ ಮನಿಗೆ ಕಳಸ್ತೀನಿ, ನಿನ್ನ ತುರ್ವಿಹಾಳಕ್ಕ ಕಳಸ್ತೀನಿ."

ಎಲೆ ಬಾಯಿಗೆ ಹಾಕಿಕೊಂಡ. ಮಾತು ಮುಗಿಯಿತು. ಇಂಥವನ ಮುಂದೆ ಸತ್ಯ ಹೇಳಿದ್ದೇ ತನ್ನ ತಪ್ಪು ಎಂದು ಪಕೀರಮ್ಮನಿಗೆ ಹೊಳೆದದ್ದು ಆಗ. ಅವನಿಗೆ ಬೇಕಾದದ್ದು ಸತ್ಯವಲ್ಲ, ಮೆರವಣಿಗೆ.

ಮರುದಿನ ಅವಳು ಜಿಲಾನಿಸಾಬನ ದುಕಾನಕ್ಕೆ ಹೋದಳು. ಅವನು ಇನ್ನೂ ಸಿಟ್ಟಿನಲ್ಲಿದ್ದ.

"ನಾ ಬರೂದಿಲ್ಲ ಅಕ್ಕಾ. ಪೈಪ್ ಹಚ್ಚಿದ್ರ ಮತ್ತ ಕೊಯ್ಸತಾನ. ಅವನ ತಲಿಯಾಗ ಗಾಳಿ ಆಡಾಕ ನನ್ನ ಹತ್ರ ಪೈಪ್ ಇಲ್ಲ."

"ಪೈಪ್ ಹಚ್ಚು ಅನ್ನಂಗಿಲ್ಲ ಜಿಲಾನಣ್ಣ. ಝಂಡಾದ ಕಂಬ ಹಚ್ಚು."

ಸಾಹುಕಾರ ಬಸ್ಸಿಗೆ ಬಿದಿರಿನ ಗಳ ಕಟ್ಟಿ ಗುರುಗಳ ಝಂಡಾ ಹಾರಿಸಿದ್ದು, ಲಿಂಗಸುಗೂರಿನ ದಾರಿಯಲ್ಲಿ ಅದು ಗಾಳಿಗೆ ಮುರಿದು ಯಾರದೋ ಜೋಳದ ಹೊಲದಲ್ಲಿ ಬಿದ್ದದ್ದು ಇಬ್ಬರಿಗೂ ಗೊತ್ತಿತ್ತು. ಜಿಲಾನಿಸಾಬ್ ಅವಳ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ.

ಸಾಹುಕಾರನ ಕಿವಿಗೆ ಮಾತು ಹಾಕುವುದು ಪಕೀರಮ್ಮನಿಗೆ ಕಷ್ಟವಾಗಲಿಲ್ಲ. ಅಂಗಳ ಗುಡಿಸುತ್ತ, ಗಾಳಿಗೆ ಹೇಳಿದಂತೆ ಹೇಳಿದಳು: "ಗುರುಗಳ ಝಂಡಾ ಹೊಲದಾಗ ಬಿದ್ದದ್ದಕ್ಕ ಮಂದಿ ಏನೇನೋ ಆಡಿಕೊಳ್ಳಾಕತ್ತಾರ, ಕಬ್ಬಿಣದ್ದೊಂದು ಕಂಬ ಇದ್ದಿದ್ರ ಮುರೀತಿರಲಿಲ್ಲ." ಸಂಜೆ ಹೊತ್ತಿಗೆ ಅದು ಸಾಹುಕಾರನ ಸ್ವಂತ ವಿಚಾರವಾಗಿತ್ತು. ಜಿಲಾನಿಸಾಬನನ್ನು ಕರೆಸಿ, ಗುರುಗಳ ಭಾವಚಿತ್ರಕ್ಕಿಂತ ಎರಡು ಮೊಳ ಎತ್ತರ ಇರಬೇಕು ಎಂದು ತಾನೇ ಅಳತೆ ಹೇಳಿದ. ಕಂಬ ಎಲ್ಲಿ ನಿಲ್ಲಿಸಲಿ ಎಂದು ಕೇಳಿದ ಜಿಲಾನಿಸಾಬನೇ, ಬಸ್ಸಿನ ಬೆನ್ನಿಗೆ ಏಣಿಯ ಪಕ್ಕ ಗಟ್ಟಿ ಜಾಗ ಇದೆ ಎಂದು ಉತ್ತರವನ್ನೂ ಹೇಳಿದ.

ಪೊಳ್ಳು ಕಂಬ ಮೊಂಡು ಪೈಪಿನ ಬಾಯಿಗೆ ಸರಿಯಾಗಿ ಕೂತು ಬೆಸೆದುಕೊಂಡಿತು. ತುದಿಗಿಂತ ಒಂದು ಗೇಣು ಕೆಳಗೆ ಝಂಡಾ ಕಟ್ಟಿದರು, ಬಾಯಿ ಮುಚ್ಚಬಾರದಲ್ಲ. ಕಾವಿ ಬಣ್ಣ ಹಚ್ಚಿದರು. ಸೋಮವಾರ ಬೆಳಿಗ್ಗೆ ಸಾಹುಕಾರ ಸ್ನಾನ ಮಾಡಿ ಬಂದು ಆ ಕಂಬಕ್ಕೆ ಮೂರೆಳೆ ವಿಭೂತಿ ಹಚ್ಚಿದ, ಹೂವು ಏರಿಸಿದ, ಕಾಯಿ ಒಡೆದ. ಪಕೀರಮ್ಮ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಗು ತಡೆಯಲಾರದೆ ಅಂದು ಮೊದಲ ಸಲ ಮೂಗಿಗೆ ಸೆರಗು ಹಿಡಿದಳು.

ಸಂಡಾಸಕ್ಕೆ ಅವಳೇ ಎರಡು ಕೊಡ ನೀರು ಕದ್ದು ಹುಯ್ದಿದ್ದಳು. ಫಿನಾಯಿಲ್ ಬಾಟಲಿ ಹೇಗೋ ಮನೆಯಲ್ಲೇ ಉಳಿದುಬಿಟ್ಟಿತ್ತು. ಬಸ್ಸು ಹೊರಟಿತು. ನೆಂಟರೆಲ್ಲ ಒಂದು ಕೈ ಮೂಗಿನ ಹತ್ತಿರ ಇಟ್ಟುಕೊಂಡೇ ಕೂತಿದ್ದರು. ಹತ್ತು ಮೈಲಿ ಹೋಯಿತು, ಹದಿನೈದು ಹೋಯಿತು, ನಾತವಿಲ್ಲ. ಸಾಹುಕಾರ ಎದ್ದು ನಿಂತ.

"ನೋಡ್ರಿ, ಗುರುಗಳ ಝಂಡಾ ಏರಿಸಿದ್ದ ತಡ. ಎಲ್ಲಾ ಶುದ್ಧ ಆತು."

ಹೌದು ಹೌದು ಎಂದರು ನೆಂಟರು. ಸಾಹುಕಾರನ ಅನ್ನ ಉಂಡು ಹೌದೆನ್ನುವುದು ಅವರ ಕಸುಬೇ ಆಗಿತ್ತು. ಹಿಂದಿನ ಸಲದ ನಾತ ಎಲ್ಲಿಂದ ಬಂದಿತ್ತು ಎಂದು ಒಬ್ಬರೂ ಯೋಚಿಸಲಿಲ್ಲ. ಅವರ ಲೆಕ್ಕದಲ್ಲಿ ಅದು ಈಗಲೂ ಮುದುಕಿಯದೇ, ಗುರುಗಳು ದೊಡ್ಡ ಮನಸ್ಸು ಮಾಡಿ ಮುಚ್ಚಿದ್ದರು, ಅಷ್ಟೇ.

ಬಸವಣ್ಣೆಮ್ಮನೂ ಹಾಗೆಯೇ ತಿಳಿದಳು. ಪಕೀರಮ್ಮ ನೀರಿನ ತಂಬಿಗೆ ಮುಂದೆ ಹಿಡಿದರೆ ಮುಖ ತಿರುಗಿಸಿದಳು. "ಗುರುಗಳು ಮರ್ಯಾದಿ ಉಳಿಸ್ಯಾರ. ನಾ ಕುಡದು ಕೆಡಸಾಕ ಒಲ್ಲೆ" ಎಂದಳು. ಅವಳ ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಸಂಗಮ ಇನ್ನೂ ಬಹಳ ದೂರವಿತ್ತು. ಕಂಬ ನಿಲ್ಲಿಸಿದ್ದು ಯಾರಿಗಾಗಿಯೋ ಆ ಜೀವವೇ ಒಣಗುತ್ತಿತ್ತು. ನಿಜ ಹೇಳಿದರೆ ಮುದುಕಿ ಮಗನಿಗೆ ಹೇಳಿಬಿಟ್ಟಾಳು, ಕಂಬವೂ ಹೋದೀತು, ತನ್ನ ಅನ್ನವೂ ಹೋದೀತು.

ಮಸ್ಕಿಯಲ್ಲಿ ಬಸ್ಸು ನಿಂತಿತು. ಸಂತೆಯ ದಿನ. ಜನ ಝಂಡಾ ನೋಡಿ ಸುತ್ತ ಕೂಡಿ ಕೈಮುಗಿಯತೊಡಗಿದರು. ಅಷ್ಟು ಜನ ಕಂಡಮೇಲೆ ಸಾಹುಕಾರ ಸುಮ್ಮನಿರುತ್ತಾನೆಯೇ? ಹಿಂದಿನ ಏಣಿ ಹತ್ತಿ, ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಅದಕ್ಕೆ ಹಣೆ ಹಚ್ಚಿ ಕಣ್ಣು ಮುಚ್ಚಿದ. ಹಿಂದಿನ ಕಿಟಕಿಯ ಆಚೆ ಅವನ ಜರಿ ಪಂಚೆ ಮಂಚದ ಮೇಲೆ ಕೂತ ತಾಯಿಗೆ ಕಾಣುತ್ತಿತ್ತು.

ಅನ್ನ ಹೋದರೆ ಹೋಗಲಿ ಎಂದುಕೊಂಡು ಪಕೀರಮ್ಮ ಮುದುಕಿಯ ಕಿವಿಗೆ ಬಾಗಿದಳು.

"ಅವ್ವಾರ, ಅಂದು ನಾರಿದ್ದು ನೀವಲ್ಲ. ನಿಮ್ಮ ಮಗ ಸಂಡಾಸದ ಪೈಪ್ ಕೊಯ್ಸಿದ್ದ, ಅದಕ್ಕ ನಾರಿತ್ತು. ಈಗ ಅವ ಹಣಿ ಹಚ್ಚಿ ನಿಂತಾನಲ್ಲ, ಅದು ಕಂಬಲ್ಲ. ಅದ ಪೈಪು. ಜಿಲಾನಣ್ಣ ಮತ್ತ ಹಚ್ಚ್ಯಾನ."

ಬಸವಣ್ಣೆಮ್ಮ ಅವಳನ್ನು ನೋಡಿದಳು, ಕಿಟಕಿಯ ಆಚೆ ನೋಡಿದಳು. ಅವಳ ಗದ್ದ ನಡುಗತೊಡಗಿತು. ಅಳುತ್ತಾಳೆಂದುಕೊಂಡಳು ಪಕೀರಮ್ಮ. ಅದು ಅಳು ಅಲ್ಲ, ನಗು.

"ತಾ ಇಲ್ಲಿ" ಎಂದು ತಂಬಿಗೆ ಕಸಿದುಕೊಂಡು, ಗಟಗಟ ಅಷ್ಟನ್ನೂ ಕುಡಿದಳು. ಮುಗಿಸಿ ಇನ್ನೊಂದು ತುಂಬಿಸಿಕೊಂಡು ಅದನ್ನೂ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಸೊಸೆಯನ್ನು ಕರೆದಳು.

"ಕಸ್ತೂರಿ, ಆ ಟಾಕಿ ಬೀಗ ತಗಿ. ಎರಡು ಬಕೀಟ ನೀರ ತುಂಬಿ ಸಂಡಾಸಕ್ಕ ಇಡು. ನಾ ಹೋಗಬೇಕು."

ಕಸ್ತೂರೆಮ್ಮ ಅತ್ತಿತ್ತ ನೋಡಿದಳು, ಅತ್ತೆಯ ಕಣ್ಣು ನೋಡಿ ಎದ್ದು ಬಕೆಟ್ಟು ಹಿಡಿದಳು. ಮುದುಕಿ ಪಕೀರಮ್ಮನ ಭುಜ ಹಿಡಿದು, ನೆಂಟರ ಸಾಲಿನ ನಡುವೆ, ಯಾರಿಗೂ ಸೆರಗು ಮರೆ ಮಾಡದೆ ನಡೆದುಹೋದಳು.

"ಅವಸರ ಇಲ್ಲ ಅವ್ವಾರ, ಸಾವಕಾಶ ಕುಂದರ್ರಿ" ಎಂದು ಪಕೀರಮ್ಮ ಹೊರಗಿನಿಂದ ಬಾಗಿಲು ಎಳೆದುಕೊಂಡಳು. ಏಣಿಯ ಮೇಲೆ ಸಾಹುಕಾರ ಇನ್ನೂ ಕಂಬಕ್ಕೆ ಹಣೆ ಹಚ್ಚಿಕೊಂಡೇ ನಿಂತಿದ್ದ.